ಬಯಲಿನ ಆಮೆ, ಬೆಟ್ಟದ ಆಮೆ

ಅಮೆರಿಕದ ಕೊಲರಾಡೊ ನದಿಯ ಪಶ್ಚಿಮ ದಡದಿಂದ ಒಂದು ಆಮೆ, ಪೂರ್ವ ದಡದಿಂದ ಇನ್ನೊಂದು ಆಮೆ ತಂದು ಅಕ್ಕಪಕ್ಕ ಇಟ್ಟರೆ ಯಾವುದು ಎಲ್ಲಿಯದು ಎಂದು ನಿಮಗಾಗಲಿ ನನಗಾಗಲಿ ಗೊತ್ತಾಗುವುದಿಲ್ಲ. ಎರಡಕ್ಕೂ ಅದೇ ಮಣ್ಣುಬಣ್ಣದ ಚಿಪ್ಪು, ಆನೆಯಂಥ ಹಿಂಗಾಲು, ಅವಸರವೇ ಇಲ್ಲದ ನಡಿಗೆ. ವಿಜ್ಞಾನಿಗಳೂ ಬಹುಕಾಲ ಇವೆರಡನ್ನೂ ಒಂದೇ ಎಂದು ಬಗೆದಿದ್ದರು. 1861ರಿಂದ 2011ರವರೆಗೆ, ಅಂದರೆ ಬರೋಬ್ಬರಿ 150 ವರ್ಷ, ಎರಡಕ್ಕೂ ಒಂದೇ ಹೆಸರಿತ್ತು. ಆದರೆ ಡಿಎನ್‌ಎ ಪರೀಕ್ಷೆ ಬೇರೆಯದೇ ಕಥೆ ಹೇಳಿತು. ಇವೆರಡರ ವಂಶ ಕವಲೊಡೆದು ಸುಮಾರು 50ರಿಂದ 60 ಲಕ್ಷ ವರ್ಷಗಳಾಗಿವೆ. ಮನುಷ್ಯ ಮತ್ತು ಚಿಂಪಾಂಜಿಯ ಪೂರ್ವಜರು ಬೇರೆಬೇರೆಯಾದ ಕಾಲ ಕೂಡ ಹೆಚ್ಚುಕಡಿಮೆ ಅದೇ ಆಸುಪಾಸಿನದು!

ನಾನು ಓದುತ್ತಿರುವುದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ‘ನಿನಗೂ ಆಮೆಗೂ ಎಲ್ಲಿಯ ಸಂಬಂಧ ಮಾರಾಯ’ ಎಂದು ಗೆಳೆಯರು ಕೇಳುತ್ತಾರೆ. ಸೌರ ವಿದ್ಯುತ್ ಸ್ಥಾವರಗಳ ಬಗ್ಗೆ ಓದುವಾಗ ಮೆಗಾವಾಟ್, ದಕ್ಷತೆ, ಗ್ರಿಡ್ ಎಂಬ ಪದಗಳ ನಡುವೆ ಈ ಆಮೆಯ ಹೆಸರು ಪದೇ ಪದೇ ಎದುರಾಗುತ್ತಿತ್ತು. ಬೆನ್ನು ಹತ್ತಿ ಹೋದಾಗ ಸಿಕ್ಕ ಸಂಗತಿಯೇ ಈ ಬರಹ. ಒಂದು ಜೀವಿ ಯಾರು ಎಂಬುದನ್ನು ಅದರ ಜೀನ್ ಎಷ್ಟು ಹೇಳುತ್ತದೋ ಅದು ಬದುಕುವ ಜಾಗವೂ ಅಷ್ಟೇ ಹೇಳುತ್ತದೆ. ಜಾಗವನ್ನು ಕಿತ್ತುಕೊಂಡು ಜೀವಿಯನ್ನು ಮಾತ್ರ ಉಳಿಸುತ್ತೇವೆ ಎನ್ನುವ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಈ ಆಮೆಗಳಷ್ಟು ಚೆನ್ನಾಗಿ ತೋರಿಸುವ ಪ್ರಾಣಿ ಬಹುಶಃ ಕಡಿಮೆ.

ಹೆಸರು ಹಂಚಿಹೋದಾಗ

ಕ್ಯಾಲಿಫೋರ್ನಿಯಾದ ನಿಸರ್ಗ ತಜ್ಞ ಜೇಮ್ಸ್ ಗ್ರಹಾಂ ಕೂಪರ್ 1861ರಲ್ಲಿ ಈ ಆಮೆಯನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದ. ಆ ಕಾಲದ ಹೆಸರಾಂತ ಪ್ರಕೃತಿ ವಿಜ್ಞಾನಿ ಲೂಯಿ ಅಗಾಸಿಯ ಹೆಸರನ್ನು ಅದಕ್ಕೆ ಇಟ್ಟ. ಇಂದು ಅದು ಗೋಫೆರಸ್ ಅಗಾಸಿಜಿ. ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾ, ಅಲ್ಲಿಂದ ಗಡಿ ದಾಟಿ ಮೆಕ್ಸಿಕೊದ ಸೊನೋರಾ, ಸಿನಲೋವಾ ರಾಜ್ಯಗಳವರೆಗೆ ಸಿಕ್ಕ ಇಂಥ ಆಮೆಗಳೆಲ್ಲ ಇದೇ ಒಂದು ಹೆಸರಿನಡಿ ಬಂದವು.

2011ರಲ್ಲಿ ರಾಬರ್ಟ್ ಮರ್ಫಿ ಮತ್ತು ಸಂಗಡಿಗರು ಈ ಕಡತವನ್ನು ಮತ್ತೆ ತೆರೆದರು. ಅದೊಂದು ಪತ್ತೇದಾರಿ ಕಥೆಯಂತಿದೆ. ಕೂಪರ್ ಹೆಸರಿಡುವಾಗ ಆಧಾರವಾಗಿ ಇಟ್ಟುಕೊಂಡದ್ದು ಮೂರು ಮಾದರಿಗಳನ್ನು. ಅದರಲ್ಲಿ ಒಂದು 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪ ಮತ್ತು ಅದರ ಹಿಂದೆಯೇ ಎದ್ದ ಬೆಂಕಿಯಲ್ಲಿ ನಾಶವಾಗಿತ್ತು. ಇನ್ನೊಂದು ಕಳೆದುಹೋಗಿತ್ತು. ಉಳಿದಿದ್ದ ಒಂದೇ ಒಂದು ಮಾದರಿಯ ಡಿಎನ್‌ಎ ತೆಗೆದು ನೋಡಿದಾಗ ಅದು ಕ್ಯಾಲಿಫೋರ್ನಿಯಾದ್ದೇ ಎಂದು ಖಚಿತವಾಯಿತು. ಅಂದರೆ ಹಳೆಯ ಹೆಸರಿನ ಹಕ್ಕು ನದಿಯ ಪಶ್ಚಿಮ ಮತ್ತು ಉತ್ತರಕ್ಕಿರುವ ಮೊಹಾವಿ ಮರುಭೂಮಿಯ ಆಮೆಗೆ. ಪೂರ್ವ ಮತ್ತು ದಕ್ಷಿಣದ ಸೊನೋರಾ ಮರುಭೂಮಿಯ ಆಮೆಗೆ ಹೆಸರೇ ಇಲ್ಲದಂತಾಯಿತು! ಅದಕ್ಕೆ ಡೇವಿಡ್ ಮೊರಾಫ್ಕಾ ಎಂಬ ಸರೀಸೃಪ ತಜ್ಞರ ನೆನಪಿಗೆ ಗೋಫೆರಸ್ ಮೊರಾಫ್ಕಾಯ್ ಎಂದು ಹೊಸ ಹೆಸರಿಟ್ಟರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮೆಕ್ಸಿಕೊದ ದಕ್ಷಿಣ ಸೊನೋರಾ, ಉತ್ತರ ಸಿನಲೋವಾ ಭಾಗದ ಮುಳ್ಳುಕಾಡುಗಳಲ್ಲಿರುವ ಆಮೆ ಮೂರನೆಯದೇ ಪ್ರಭೇದ ಎಂದು 2016ರಲ್ಲಿ ಟೇಲರ್ ಎಡ್ವರ್ಡ್ಸ್ ಮತ್ತು ಸಂಗಡಿಗರು ತೋರಿಸಿದರು. ಚಪ್ಪಟೆಯಾದ ಚಿಪ್ಪು, ಕಿತ್ತಳೆ ಛಾಯೆಯ ಮೈ, ಗಿಡ್ಡ ಬಾಲ ಇದರ ಗುರುತು. ಹೆಸರು ಗೋಫೆರಸ್ ಇವ್‌ಗುಡಿ.

‘ಹೆಸರು ಬದಲಾದರೆ ಆಮೆಗೇನು?’ ಎನ್ನಬಹುದು. ಆಮೆಗೆ ಬಹಳ ಇದೆ. ಒಂದೇ ಪ್ರಭೇದ ಎಂದುಕೊಂಡಿದ್ದಾಗ ಅದರ ನೆಲೆ ಬಲು ವಿಶಾಲ ಎಂಬ ನೆಮ್ಮದಿಯಿತ್ತು. 2011ರ ವಿಂಗಡಣೆಯ ನಂತರ ಮೊಹಾವಿ ಆಮೆಯ ಪಾಲಿಗೆ ಉಳಿದದ್ದು ಆ ನೆಲೆಯ ಸುಮಾರು ಶೇ 30 ಮಾತ್ರ. ಆಮೆಗಳ ಎಣಿಕೆಯಲ್ಲಿ ಒಂದೂ ವ್ಯತ್ಯಾಸವಾಗದೆ, ಅಪಾಯದ ಅಳತೆ ಮಾತ್ರ ಒಮ್ಮೆಲೇ ಏರಿತು. ಮೊಹಾವಿ ಆಮೆಗೆ 1990ರಿಂದಲೂ ಅಮೆರಿಕದ ಕೇಂದ್ರ ಕಾನೂನಿನ ರಕ್ಷಣೆ ಇದೆ. ಆದರೂ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದೀಗ ‘ತೀವ್ರ ಅಳಿವಿನಂಚಿನ’ ಪ್ರಭೇದ.

ಮಳೆ ಬೇರೆ, ಮನೆ ಬೇರೆ

ಜೀನ್ ಬಿಡಿ, ಎರಡೂ ಆಮೆಗಳ ದಿನಚರಿ ನೋಡಿದರೂ ಸಾಕು.

ಮೊಹಾವಿ ಆಮೆ ಬಯಲಿನ ಆಮೆ. ಕಣಿವೆಯ ತಳ, ಬೆಟ್ಟದಿಂದ ಹರಿದುಬಂದ ಮಣ್ಣು ಬೀಸಣಿಗೆಯಂತೆ ಹರಡಿಕೊಂಡ ಇಳಿನೆಲ, ಅಲ್ಲಲ್ಲಿ ಕ್ರಿಯೋಸೋಟ್ ಎಂಬ ಕುರುಚಲು ಪೊದೆ: ಇದು ಅದರ ಲೋಕ. ಅಗೆಯಲು ಬರುವ ಮಣ್ಣು ಇಲ್ಲಿ ಮುಖ್ಯ. ಮುಂಗಾಲುಗಳಿಂದ ತನ್ನ ಬಿಲವನ್ನು ತಾನೇ ತೋಡುತ್ತದೆ. ಹೊರಗೆ ಕಾದ ಹೆಂಚಿನಂಥ ಬಿಸಿಲಿದ್ದರೆ ಒಳಗೆ ತಂಪು. ಚಳಿಗಾಲದಲ್ಲಿ ಅದೇ ಬಿಲ ಬೆಚ್ಚಗಿನ ಕೋಣೆ. ಅದರ ಆಯುಷ್ಯದ ಹೆಚ್ಚಿನ ಪಾಲು ನೆಲದಡಿಯಲ್ಲೇ ಕಳೆಯುತ್ತದೆ. ಅಲ್ಲಿ ಮಳೆ ಹೆಚ್ಚಾಗಿ ಬೀಳುವುದು ಚಳಿಗಾಲದಲ್ಲಿ. ವಸಂತದಲ್ಲಿ ಹುಲ್ಲು, ಕಾಡುಹೂವು ಚಿಗುರಿದಾಗ ಆಮೆ ಹೊರಬಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಸೊನೋರಾ ಆಮೆ ಬೆಟ್ಟದ ಆಮೆ. ಬಂಡೆಗಳಿಂದ ತುಂಬಿದ ಕಡಿದಾದ ಇಳಿಜಾರು, ಮೇಲೆ ಕೈ ಚಾಚಿ ನಿಂತ ಸಗ್ವಾರೊ ಕಳ್ಳಿಗಳು. ಆಳವಾದ ಬಿಲ ತೋಡಲು ಅಲ್ಲಿ ಮಣ್ಣೇ ಕಡಿಮೆ. ಬಂಡೆಯ ಸಂದು, ಹಳ್ಳದ ದಂಡೆಯ ಪೊಟರೆ ಇವೇ ಮನೆ. ಅಲ್ಲಿಗೆ ಚಳಿಗಾಲದ ಜೊತೆಗೆ ಬೇಸಿಗೆಯ ಕೊನೆಗೂ ಒಂದು ಮಳೆಗಾಲವಿದೆ. ಅರಿಜೋನಾದವರು ಅದನ್ನು ನಮ್ಮಂತೆಯೇ ‘ಮಾನ್ಸೂನ್’ ಎನ್ನುತ್ತಾರೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಆ ಮಳೆಯೇ ಬೆಟ್ಟದ ಆಮೆಯ ಓಡಾಟದ ಹೊತ್ತು.

ಮಳೆಯ ಲೆಕ್ಕ ಮೊಟ್ಟೆಯ ಲೆಕ್ಕವನ್ನೂ ಬದಲಿಸಿದೆ. ಬಯಲಿನ ಆಮೆ ಒಳ್ಳೆಯ ವರ್ಷದಲ್ಲಿ ಎರಡು, ಕೆಲವೊಮ್ಮೆ ಮೂರು ಸಲ ಮೊಟ್ಟೆ ಇಡುತ್ತದೆ. ಬರದ ವರ್ಷದಲ್ಲಿ ಒಂದೂ ಇಡದೆ ಸುಮ್ಮನಿರಬಹುದು. ಬೆಟ್ಟದ ಆಮೆ ಇಟ್ಟರೆ ವರ್ಷಕ್ಕೆ ಒಂದೇ ಸಲ, ಬೇಸಿಗೆ ಮಳೆಯ ಹೊತ್ತಿಗೆ. ಇನ್ನೊಂದು ಸ್ವಾರಸ್ಯ ಕೇಳಿ. ಈ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮೊಟ್ಟೆ ಹುದುಗಿದ್ದ ಮಣ್ಣಿನ ಶಾಖ. ಮಣ್ಣು ಹೆಚ್ಚು ಬೆಚ್ಚಗಿದ್ದರೆ ಹೆಣ್ಣು, ತುಸು ತಂಪಾಗಿದ್ದರೆ ಗಂಡು. ನಮ್ಮಲ್ಲಿ ಕ್ರೋಮೋಸೋಮ್ ಮಾಡುವ ಕೆಲಸವನ್ನು ಅಲ್ಲಿ ನೆಲವೇ ಮಾಡುತ್ತದೆ.

ಕಪ್ಪು ಬೆಟ್ಟಗಳ ಪರೀಕ್ಷೆ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎರಡನ್ನೂ ಬೇರೆಯಾಗಿ ಇಟ್ಟಿರುವುದು ಬರೀ ನದಿಯೇ? ನದಿ ನಡುವೆ ಇಲ್ಲದಿದ್ದರೆ ಎರಡೂ ಬೆರೆತು ಮತ್ತೆ ಒಂದಾಗುತ್ತಿದ್ದವೇ?

ಈ ಪ್ರಯೋಗವನ್ನು ಪ್ರಕೃತಿಯೇ ಮಾಡಿಟ್ಟಿದೆ. ಅರಿಜೋನಾದ ವಾಯವ್ಯ ಮೂಲೆಯಲ್ಲಿ ‘ಬ್ಲ್ಯಾಕ್ ಮೌಂಟನ್ಸ್’ ಎಂಬ ಬೆಟ್ಟಸಾಲು ಇದೆ. ಇದು ನದಿಯ ಪೂರ್ವಕ್ಕೆ, ಅಂದರೆ ಲೆಕ್ಕಪ್ರಕಾರ ಬೆಟ್ಟದ ಆಮೆಯ ಸೀಮೆ. ಆದರೆ ಅಲ್ಲಿ ಬಯಲಿನ ಆಮೆಗಳೂ ಇವೆ. ಲಕ್ಷಾಂತರ ವರ್ಷ ದೂರವಿದ್ದ ದಾಯಾದಿಗಳು ಅಲ್ಲಿ ಮತ್ತೆ ಮುಖಾಮುಖಿಯಾಗಿದ್ದಾರೆ.

ಎಡ್ವರ್ಡ್ಸ್ ತಂಡ ಒಟ್ಟು 234 ಆಮೆಗಳ ಡಿಎನ್‌ಎ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. 103 ಆಮೆಗಳು ಕ್ಯಾಲಿಫೋರ್ನಿಯಾದವು, 78 ಅರಿಜೋನಾದವು, ಉಳಿದ 53 ಈ ಬೆಟ್ಟಸಾಲು ಮತ್ತು ಅದರ ಸುತ್ತಮುತ್ತಲಿನವು. ಎರಡು ಬಗೆಯ ಸುಳಿವು ಹುಡುಕಿದರು. ಮೊದಲನೆಯದು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯ ವಂಶವನ್ನು ಹೇಳುತ್ತದೆ. ಎರಡನೆಯದು ತಂದೆ ತಾಯಿ ಇಬ್ಬರಿಂದಲೂ ಬರುವ, ಡಿಎನ್‌ಎಯ ಸಣ್ಣ ತುಣುಕುಗಳು ಮತ್ತೆ ಮತ್ತೆ ಪುನರಾವರ್ತನೆಯಾಗುವ 25 ಜಾಗಗಳು. ಕೋರ್ಟಿನಲ್ಲಿ ಪಿತೃತ್ವ ಸಾಬೀತು ಮಾಡಲು ಬಳಸುವುದೂ ಇದೇ ಬಗೆಯ ಗುರುತುಗಳನ್ನು.

ಮಿಶ್ರ ಸಂತಾನ ಸಿಕ್ಕಿತು. ಆದರೂ ಎರಡೂ ವಂಶ ಕಲಸಿಹೋಗಿರಲಿಲ್ಲ. ಬಯಲಿಗೆ ಹೊಂದುವ ಕಡೆ ಮೊಹಾವಿ ಆಮೆ, ಬೆಟ್ಟಕ್ಕೆ ಹೊಂದುವ ಕಡೆ ಸೊನೋರಾ ಆಮೆ, ಎರಡೂ ನೆಲ ಸಂಧಿಸುವ ಪಟ್ಟಿಯಲ್ಲಿ ಮಿಶ್ರತಳಿ. ಬೇಲಿ ಇಲ್ಲ, ನದಿ ಇಲ್ಲ. ನೆಲದ ಗುಣವೇ ಗಡಿಯಾಗಿತ್ತು. ತಮಗೆ ಒಗ್ಗುವ ಜಾಗವನ್ನು ಅವು ಹಿಡಿದುಕೊಂಡಿರುವುದರಿಂದಲೇ ಎರಡೂ ಪ್ರಭೇದಗಳು ತಮ್ಮತನ ಉಳಿಸಿಕೊಂಡಿವೆ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ಮೆಕ್ಸಿಕೊದಲ್ಲೂ ಇಂಥದ್ದೇ ನೋಟ. ಅಲ್ಲಿ ಎರಡನೆಯ ಮತ್ತು ಮೂರನೆಯ ಪ್ರಭೇದಗಳ ನಡುವೆ ದೊಡ್ಡ ನದಿಯ ಅಡ್ಡಿಯೇನಿಲ್ಲ. ಕಳ್ಳಿಯ ಮರುಭೂಮಿ ಮುಗಿದು ಮುಳ್ಳುಕಾಡು ಶುರುವಾಗುವಲ್ಲಿ ಆಮೆಯೂ ಬದಲಾಗುತ್ತದೆ.

ಈ ಮಾತಿಗೆ ಇನ್ನೊಂದು ಸಾಕ್ಷಿ ಮನೆಯಂಗಳದ್ದು. ಅರಿಜೋನಾದ ನಗರಗಳಲ್ಲಿ ಆಮೆ ಸಾಕುವವರು ಬಹಳ. ಅಂಥ ಸಾಕು ಆಮೆಗಳ ಡಿಎನ್‌ಎ ನೋಡಿದಾಗ ಶೇ 40ಕ್ಕೂ ಹೆಚ್ಚು ಆಮೆಗಳು ಮೊಹಾವಿ ಮೂಲದವು ಅಥವಾ ಮಿಶ್ರತಳಿಗಳು ಎಂದು ತಿಳಿಯಿತು. ಅಂದರೆ ಒಂದೇ ಅಂಗಳದಲ್ಲಿ ಕೂಡಿಹಾಕಿದರೆ ಇವು ಕೂಡುತ್ತವೆ, ಮರಿಯನ್ನೂ ಮಾಡುತ್ತವೆ. ಕಾಡಿನಲ್ಲಿ ಅವನ್ನು ಬೇರೆಯಾಗಿ ಇಟ್ಟದ್ದು ಅವುಗಳ ಮೈಯೊಳಗಿನ ಅಡ್ಡಿಗಿಂತ ಹೆಚ್ಚಾಗಿ ಅವುಗಳ ಕಾಲ ಕೆಳಗಿನ ನೆಲ.

ಬಿಸಿಲಿಗೂ ಬಯಲೇ ಬೇಕು

ಈಗ ನನ್ನ ಓದಿನ ವಿಷಯಕ್ಕೆ ಬರುತ್ತೇನೆ. ದೊಡ್ಡ ಸೌರ ಸ್ಥಾವರಕ್ಕೆ ಎಂಥ ಜಾಗ ಬೇಕು? ಬಿಸಿಲು ಧಾರಾಳವಾಗಿರಬೇಕು, ನೆಲ ಸಮತಟ್ಟಾಗಿರಬೇಕು, ಜನವಸತಿ ಕಡಿಮೆ ಇರಬೇಕು, ಕಂಬ ನೆಡಲು ಮಣ್ಣಿರಬೇಕು. ಬಂಡೆಗಳ ಕಡಿದಾದ ಬೆಟ್ಟದ ಮೇಲೆ ಯಾರೂ ಸ್ಥಾವರ ಕಟ್ಟುವುದಿಲ್ಲ. ಈ ಪಟ್ಟಿಯನ್ನೂ ಮೊಹಾವಿ ಆಮೆಗೆ ಬೇಕಾದ ಜಾಗದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಂಜಿನಿಯರಿಗೆ ಇಷ್ಟವಾಗುವ ನೆಲವೇ ಬಯಲಿನ ಆಮೆಗೂ ಇಷ್ಟ. ಲಕ್ಷಾಂತರ ವರ್ಷಗಳ ಹಿಂದೆ ಆದ ಒಂದು ಕವಲು, ಇಂದು ಯಾರ ಮನೆ ಉಳಿಯುತ್ತದೆ ಯಾರ ಮನೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುತ್ತಿದೆ.

ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯ ಇವಾನ್‌ಪಾ ಸೌರ ಸ್ಥಾವರ ಇದಕ್ಕೆ ಪ್ರಸಿದ್ಧ ಉದಾಹರಣೆ. 392 ಮೆಗಾವಾಟ್ ಸಾಮರ್ಥ್ಯ, ಸುಮಾರು 3,500 ಎಕರೆ, ಸೂರ್ಯನನ್ನು ಹಿಂಬಾಲಿಸಿ ತಿರುಗುವ 1.7 ಲಕ್ಷಕ್ಕೂ ಹೆಚ್ಚು ಕನ್ನಡಿ ಚೌಕಟ್ಟುಗಳು, ನಡುವೆ ಮೂರು ಗೋಪುರಗಳು. ಎಂಜಿನಿಯರಿಂಗ್ ವಿದ್ಯಾರ್ಥಿಯ ಕಣ್ಣಿಗೆ ಅದು ಹಬ್ಬ. 2010ರಲ್ಲಿ ಕೆಲಸ ಶುರುವಾಯಿತು. ಆಮೆಗಳನ್ನು ಹುಡುಕಿ ಹೊರಗೆ ಸಾಗಿಸುವ ಯೋಜನೆಯೂ ಇತ್ತು. ಆದರೆ ಅಂದಾಜು ಮೀರಿ ಆಮೆಗಳು ಸಿಗತೊಡಗಿದ್ದರಿಂದ 2011ರಲ್ಲಿ ಒಂದು ಭಾಗದ ಕೆಲಸವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ನೆಲದಡಿ ಮಲಗಿರುವ ಪ್ರಾಣಿಯನ್ನು ನೆಲದ ಮೇಲೆ ನಡೆದು ಎಣಿಸುವುದು ಅಷ್ಟು ಸುಲಭವೇ? ಸ್ಥಾವರ 2014ರಲ್ಲಿ ಚಾಲೂ ಆಯಿತು.

ಹಾಗೆಂದು ಸೌರಶಕ್ತಿ ಬೇಡ ಎನ್ನಲು ನಾನು ಸಿದ್ಧನಿಲ್ಲ. ಭೂಮಿ ಕಾಯುತ್ತಾ ಹೋದರೆ ಮೊದಲು ಸೋಲುವವರ ಸಾಲಿನಲ್ಲಿ ಈ ಆಮೆಯೂ ಇದೆ. ಮಣ್ಣಿನ ಶಾಖ ಏರಿದಂತೆ ಗಂಡು ಮರಿಗಳೇ ಹುಟ್ಟದ ಸ್ಥಿತಿ ಬರಬಹುದು. ಕಲ್ಲಿದ್ದಲು ಬಿಡಲೇಬೇಕು. ಹಾಗಾಗಿಯೇ ಈ ಪ್ರಶ್ನೆ ಕಷ್ಟದ್ದು. ಇಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಜಗಳವಿಲ್ಲ, ಎರಡು ಒಳ್ಳೆಯದರ ನಡುವೆ ಇದೆ.

ಎತ್ತಿ ಬೇರೆಡೆ ಬಿಟ್ಟರೆ ಸಾಲದೇ?

ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಇದು. ಆಮೆಯನ್ನು ಎತ್ತು, ದೂರ ಒಯ್ದು ಬಿಡು, ಕೆಲಸ ಶುರು ಮಾಡು. ಆದರೆ ಮರುಭೂಮಿಯ ಆಮೆಗೆ ಮೂತ್ರಕೋಶವೇ ನೀರಿನ ಟ್ಯಾಂಕು. ಮಳೆ ಬಂದಾಗ ಕುಡಿದ ನೀರನ್ನು ತಿಂಗಳುಗಟ್ಟಲೆ ಅಲ್ಲಿ ಜೋಪಾನ ಮಾಡುತ್ತದೆ. ಎತ್ತಿಕೊಂಡಾಗ ಹೆದರಿ ಆ ನೀರನ್ನೆಲ್ಲ ಹೊರಹಾಕಿಬಿಟ್ಟರೆ ಮುಂದಿನ ಮಳೆಯವರೆಗೆ ಅದರ ಗತಿ ದೇವರೇ ಬಲ್ಲ.

ಮೊಹಾವಿಯಲ್ಲಿರುವ ಅಮೆರಿಕ ಸೇನೆಯ ಫೋರ್ಟ್ ಇರ್ವಿನ್ ತರಬೇತಿ ನೆಲೆ ವಿಸ್ತರಣೆಯಾದಾಗ 2008ರಲ್ಲಿ ನೂರಾರು ಆಮೆಗಳನ್ನು ಬೇರೆಡೆಗೆ ಸಾಗಿಸಲಾಯಿತು. ಅವುಗಳಲ್ಲಿ ಹಲವು ಕಯೋಟಿಗಳ ಬಾಯಿಗೆ ಬಿದ್ದವು. ಬದುಕಿ ಉಳಿದವು ಹೊಸ ಊರಿನಲ್ಲಿ ನೆಲೆ ನಿಂತಂತೆ ಕಂಡವು. ನಾಲ್ಕು ವರ್ಷಗಳ ನಂತರ ಅಲ್ಲಿ ಹುಟ್ಟಿದ ಮರಿಗಳ ತಂದೆ ಯಾರೆಂದು ಡಿಎನ್‌ಎ ಮೂಲಕ ಹುಡುಕಿದಾಗ ಬೇರೆಯೇ ಚಿತ್ರ ಸಿಕ್ಕಿತು. ವಲಸೆ ಬಂದ ಹೆಣ್ಣುಗಳು ಮರಿ ಮಾಡಿದ್ದವು. ಆದರೆ ತಂದೆಯ ಗುರುತು ಸಿಕ್ಕ ಮರಿಗಳಲ್ಲಿ ವಲಸೆ ಬಂದ ಗಂಡಿಗೆ ಹುಟ್ಟಿದ್ದು ಒಂದೂ ಇರಲಿಲ್ಲ! ಎಣಿಕೆಯ ಪಟ್ಟಿಯಲ್ಲಿ ಆ ಗಂಡುಗಳು ‘ಜೀವಂತ’. ವಂಶದ ಪಟ್ಟಿಯಲ್ಲಿ ಅವು ಇಲ್ಲವೇ ಇಲ್ಲ.

ನೆವಾಡಾದ ಜೀನ್ ಎಂಬ ಊರಿನ ಬಳಿ ಇನ್ನೊಂದು ಜಾಗವಿದೆ. ಲಾಸ್ ವೇಗಸ್ ನಗರ ಬೆಳೆದಂತೆ ನೆಲೆ ಕಳೆದುಕೊಂಡ ಆಮೆಗಳು, ಸಾಕಿದವರು ಬೇಡವೆಂದು ಬಿಟ್ಟ ಆಮೆಗಳು, ಹೀಗೆ 9,000ಕ್ಕೂ ಹೆಚ್ಚು ಆಮೆಗಳನ್ನು 1997ರಿಂದ ಅಲ್ಲಿಗೆ ತಂದು ಬಿಡಲಾಯಿತು. ಯಾವುವು ಬದುಕಿದವು, ಯಾವುವು ಸತ್ತವು ಎಂದು ಅವುಗಳ ಜೀನೋಮ್ ಹೋಲಿಸಿದ ಅಧ್ಯಯನ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತವರಿನಿಂದ ಎಷ್ಟು ದೂರ ಬಂದಿದೆ ಎಂಬುದು ಬದುಕುಳಿಯುವುದನ್ನು ತೀರ್ಮಾನಿಸಿರಲಿಲ್ಲ. ತೀರ್ಮಾನಿಸಿದ್ದು ಒಳಗಿನ ವೈವಿಧ್ಯ. ಪ್ರತಿ ಆಮೆಯಲ್ಲೂ ಜೀನ್‌ಗಳ ಎರಡು ಪ್ರತಿ ಇರುತ್ತವೆ, ಒಂದು ತಾಯಿಯದು, ಇನ್ನೊಂದು ತಂದೆಯದು. ಈ ಎರಡು ಪ್ರತಿಗಳ ನಡುವೆ ವ್ಯತ್ಯಾಸ ಹೆಚ್ಚಿದ್ದ ಆಮೆಗಳು ಹೆಚ್ಚು ಬದುಕಿದ್ದವು. ಸತ್ತವಕ್ಕೆ ಹೋಲಿಸಿದರೆ ಬದುಕಿದವುಗಳಲ್ಲಿ ಆ ವೈವಿಧ್ಯ ಸರಾಸರಿ ಶೇ 23ರಷ್ಟು ಹೆಚ್ಚಿತ್ತು.

ಈ ವೈವಿಧ್ಯ ಎಲ್ಲಿಂದ ಬರುತ್ತದೆ? ದೊಡ್ಡ ಬಯಲಿನಲ್ಲಿ ಸಾವಿರಾರು ಆಮೆಗಳು ಅಡೆತಡೆಯಿಲ್ಲದೆ ಓಡಾಡಿ, ದೂರದ ಸಂಗಾತಿಯನ್ನು ಕೂಡಿದಾಗ ಬರುತ್ತದೆ. ಹೆದ್ದಾರಿ, ಬಡಾವಣೆ, ಬೇಲಿ ಬಂದು ಆ ಬಯಲು ತುಂಡುತುಂಡಾದರೆ ಸಣ್ಣ ಗುಂಪಿನೊಳಗೇ ಸಂಬಂಧ ಬೆಳೆದು ವೈವಿಧ್ಯ ಸೊರಗುತ್ತದೆ. ಸಾಗಣೆಯನ್ನು ತಾಳಿಕೊಳ್ಳುವ ಶಕ್ತಿ ಕೊಡುವುದೂ ವಿಶಾಲವಾದ ನೆಲವೇ. ಆ ನೆಲವನ್ನು ಕಿತ್ತುಕೊಂಡು ‘ಸಾಗಿಸಿ ಉಳಿಸುತ್ತೇವೆ’ ಎಂದರೆ ಬೇರು ಕಡಿದು ಎಲೆಗೆ ನೀರು ಹಾಕಿದಂತೆ.

ನಮ್ಮ ಹಿತ್ತಲಿನ ಪ್ರಶ್ನೆ

ಈ ಪಾಠ ದೂರದ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್‌ನೊಳಗೆ ನಕ್ಷತ್ರ ಆಮೆಗಳು ಸಿಕ್ಕ ಸುದ್ದಿ ನಾವೆಲ್ಲ ಓದಿದ್ದೇವೆ. ಕರ್ನಾಟಕ ಮತ್ತು ಆಂಧ್ರ ಗಡಿಯ ಕುರುಚಲು ಕಾಡುಗಳು ಈ ಆಮೆಯ ನೆಲೆಗಳಲ್ಲಿ ಒಂದು. ಗುಜರಾತ್, ರಾಜಸ್ಥಾನದ ಒಣನೆಲದಲ್ಲೂ ಅದಿದೆ. 2019ರಿಂದ ಅಂತರರಾಷ್ಟ್ರೀಯ ಮಾರಾಟಕ್ಕೆ ಕಟ್ಟುನಿಟ್ಟಿನ ನಿಷೇಧವಿದ್ದರೂ ಕಳ್ಳಸಾಗಣೆ ನಿಂತಿಲ್ಲ. ಜಪ್ತಿಯಾದ ಆಮೆಯನ್ನು ಎಲ್ಲಿ ಬಿಡಬೇಕು? ಅದು ಆಂಧ್ರದ್ದೋ, ಗುಜರಾತಿನದ್ದೋ? ಹತ್ತಿರದ ಕಾಡಿಗೆ ಬಿಟ್ಟು ಫೋಟೊ ತೆಗೆದರೆ ಮನಸ್ಸಿಗೆ ಸಮಾಧಾನ. ಆದರೆ ಅದರ ವಂಶ ಯಾವ ನೆಲದ್ದು ಎಂದು ಕೇಳದೆ ಬಿಟ್ಟರೆ ಅರಿಜೋನಾದ ಅಂಗಳಗಳಲ್ಲಿ ಆದ ಬೆರಕೆ ನಮ್ಮ ಕಾಡಿನಲ್ಲೂ ಆಗಬಹುದು.

ಸೌರಶಕ್ತಿಯಲ್ಲೂ ನಾವು ಹಿಂದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಬರಪೀಡಿತ ನೆಲದಲ್ಲಿ ರೈತರಿಗೆ ಗುತ್ತಿಗೆ ಹಣ ಸಿಕ್ಕಿದೆ, ರಾಜ್ಯಕ್ಕೆ ವಿದ್ಯುತ್ ಸಿಕ್ಕಿದೆ. ಇಂಥ ಪಾರ್ಕ್‌ಗಳು ಇನ್ನೂ ಬರುತ್ತವೆ. ಅವುಗಳ ನಕ್ಷೆ ಬರೆಯುವವರಲ್ಲಿ ನಮ್ಮ ತರಗತಿಯವರೂ ಇರುತ್ತಾರೆ.

ಮಾಡಬಹುದಾದದ್ದು ಬೇಕಾದಷ್ಟಿದೆ. ಚಾವಣಿ, ಕಾಲುವೆ, ಆಗಲೇ ಹಾಳಾದ ನೆಲಗಳನ್ನು ಮೊದಲು ಬಳಸಬಹುದು. ನೆವಾಡಾದ ಕೆಲವು ಹೊಸ ಸ್ಥಾವರಗಳಲ್ಲಿ ಗಿಡಗಳನ್ನು ಬುಡಸಮೇತ ಕೀಳದೆ ಮೇಲಿನಿಂದ ಕತ್ತರಿಸಿ, ಅದರ ಮೇಲೆ ಫಲಕ ನಿಲ್ಲಿಸುತ್ತಾರೆ. ಬೇಲಿಯ ಕೆಳಗೆ ಆಮೆ ನುಸುಳುವಷ್ಟು ಜಾಗ ಬಿಡುತ್ತಾರೆ. ಬೇಲಿಯ ತಳವನ್ನು ಒಂದು ಗೇಣು ಮೇಲೆತ್ತಲು ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ಅಲ್ಲಿ ಒಂದು ಆಮೆ ಓಡಾಡುತ್ತದೆ ಎಂಬ ತಿಳಿವಳಿಕೆ ಇದ್ದರೆ ಸಾಕು.

ಮುಂದೆ ನಮ್ಮಲ್ಲಿ ಯಾರಾದರೂ ಯೋಜನಾ ವರದಿ ಬರೆಯಲು ಕೂತಾಗ ಒಂದು ಕಾಲಂ ಬರುತ್ತದೆ: ಜಾಗದ ಸ್ವರೂಪ. ಅಲ್ಲಿ ‘ಬೀಳು ಭೂಮಿ’ ಎಂದು ತುಂಬಿಸುವುದು ಬಲು ಸಲೀಸು. ಆ ಎರಡು ಪದ ಬರೆಯುವ ಮುನ್ನ ಒಂದು ಮಳೆಗಾಲ, ಒಂದು ಬೇಸಿಗೆ ಆ ನೆಲದ ಮೇಲೆ ನಡೆದು, ಬಗ್ಗಿ, ಬಿಲಗಳೊಳಗೆ ಇಣುಕಿ ನೋಡೋಣ. ನಮ್ಮ ಕಣ್ಣಿಗೆ ಖಾಲಿ ಕಂಡ ಬಯಲು ಯಾರದೋ ಲಕ್ಷಾಂತರ ವರ್ಷಗಳ ವಿಳಾಸವಾಗಿರಬಹುದು.